ನಾಯಿಯ ಉಗುರು ತೆಗೆಯಲು ಯಾವುದು ಒಳ್ಳೆಯದು? ಇಕ್ಕಳ ಕ್ಲಿಪ್ಪರ್, ಗಿಲೊಟಿನ್, ಗ್ರೈಂಡರ್

ನನ್ನ ಆಯ್ಕೆ ಮೊದಲೇ ಹೇಳಿಬಿಡುತ್ತೇನೆ: ಸ್ಪ್ರಿಂಗ್ ಇರುವ, ಇಕ್ಕಳದಂತೆ ಕೈಯಲ್ಲಿ ಕೂರುವ ಸ್ಟೀಲ್ ಕ್ಲಿಪ್ಪರ್. ಮೂರನ್ನೂ ಬಳಸಿದ ಮೇಲೆ ಡ್ರಾಯರ್‌ನಿಂದ ಪದೇ ಪದೇ ಹೊರಗೆ ಬರುವುದು ಅದೊಂದೇ. ಗ್ರೈಂಡರ್‌ಗೂ ಒಂದು ಕೆಲಸವಿದೆ. ಗಿಲೊಟಿನ್ ಮಾತ್ರ ಯಾರಿಗೂ ಕೊಳ್ಳಿ ಎಂದು ಹೇಳಲಾರೆ.

ಕಾರಣ ಕಪ್ಪು ಉಗುರು. ಬಿಳಿ ಉಗುರಿನೊಳಗೆ ನರ, ರಕ್ತನಾಳ ಇರುವ ಹಸಿ ಭಾಗ ನಸುಗೆಂಪಾಗಿ ಕಾಣುತ್ತದೆ. ಅದಕ್ಕಿಂತ 2 ಮಿ.ಮೀ. ಈಚೆಗೆ ಕತ್ತರಿಸಿದರೆ ಮುಗಿಯಿತು. ಆದರೆ ನಮ್ಮ ನಾಟಿ ನಾಯಿಗಳಲ್ಲಿ ಬಹಳಷ್ಟಕ್ಕೆ, ರಾಟ್‌ವೀಲರ್, ಡಾಬರ್‌ಮನ್‌ಗಳಿಗೆ ಉಗುರು ಕಪ್ಪು. ಹೊರಗಿನಿಂದ ಏನೂ ತಿಳಿಯದು. ಅಲ್ಲಿ ಒಮ್ಮೆಗೆ 1 ಮಿ.ಮೀ. ಬಿಲ್ಲೆ ತೆಗೆಯುವುದು, ಕತ್ತರಿಸಿದ ಮುಖ ನೋಡುವುದು, ಮತ್ತೆ ತೆಗೆಯುವುದು. ಮೊದಲು ಮುಖ ಒಣಗಿ, ಸುಣ್ಣದಂತೆ ಬೆಳ್ಳಗಿರುತ್ತದೆ. ನಡುವೆ ಕಪ್ಪಗಿನ, ತುಸು ತೇವದ ಹೊಳಪಿನ ಚುಕ್ಕೆ ಕಂಡಿತೆಂದರೆ ಅಲ್ಲಿಗೆ ನಿಲ್ಲಿಸಿ. ಹಾಗಾಗಿ ಉಪಕರಣದಿಂದ ನನಗೆ ಬೇಕಿರುವುದು ಎರಡೇ: ತೆಳುವಾಗಿ ನೇರ ಕತ್ತರಿಸಬೇಕು, ಕತ್ತರಿಸಿದ ಮುಖ ಕೂಡಲೇ ಕಣ್ಣಿಗೆ ಬೀಳಬೇಕು.

ಗಿಲೊಟಿನ್ ಈ ಎರಡರಲ್ಲೂ ಸೋಲುತ್ತದೆ. ಅದರಲ್ಲಿ ಉಗುರನ್ನು ಒಂದು ಬಳೆಯೊಳಗೆ ತೂರಿಸಬೇಕು. ಹಿಡಿ ಒತ್ತಿದಾಗ ಒಂದೇ ಬ್ಲೇಡ್ ಜಾರಿ ಬಂದು ಕತ್ತರಿಸುತ್ತದೆ. ಹೊಸದರಲ್ಲಿ, ಸಣ್ಣ ನಾಯಿಯ ಸಪೂರ ಉಗುರಿಗೆ ಚೆನ್ನಾಗಿಯೇ ಇರುತ್ತದೆ. ತೊಂದರೆ ಶುರುವಾಗುವುದು ಬ್ಲೇಡ್ ಮೊಂಡಾದಾಗ. ಮೊಂಡು ಅಡಕತ್ತರಿಗೆ ಸಿಕ್ಕ ಅಡಿಕೆಯಂತೆ ಉಗುರು ತುಂಡಾಗುವ ಮೊದಲು ನಜ್ಜಾಗುತ್ತದೆ. ಬಳೆಯೊಳಗೆ ನಾಲ್ಕೂ ಸುತ್ತ ಒತ್ತಡ ಬಿದ್ದು ಒಳಗಿನ ಹಸಿ ಭಾಗ ಹಿಂಡಿದಂತಾಗುತ್ತದೆ. ರಕ್ತ ಬರುವುದಿಲ್ಲ, ನೋವು ಮಾತ್ರ ಆಗುತ್ತದೆ.

ಇದು ನನ್ನ ದೊಡ್ಡ ತಕರಾರು. ರಕ್ತ ಕಾಣದ್ದರಿಂದ ಮನೆಯವರು ನಾಯಿ ಸುಮ್ಮನೆ ನಾಟಕ ಮಾಡುತ್ತಿದೆ ಎಂದುಕೊಂಡು ಇನ್ನಷ್ಟು ಗಟ್ಟಿಯಾಗಿ ಹಿಡಿಯುತ್ತಾರೆ. ಮುಂದಿನ ಸಲ ಕ್ಲಿಪ್ಪರ್ ಕಂಡರೇ ನಾಯಿ ಮಂಚದಡಿ ಸೇರುತ್ತದೆ. ಪಂಜ ಮುಟ್ಟಿದರೆ ಗುರ್ ಎನ್ನುತ್ತದೆ. ಉಗುರು ತೆಗೆಯುವುದಕ್ಕೆ ಹೆದರುತ್ತವೆ ಎಂದು ನಾವು ಹೇಳುವ ಎಷ್ಟೋ ನಾಯಿಗಳು ನಿಜಕ್ಕೂ ಹೆದರುವುದು ಮೊಂಡು ಬ್ಲೇಡಿಗೆ. ಬಿದ್ದ ಚೂರನ್ನು ಕೈಗೆತ್ತಿಕೊಂಡು ನೋಡಿ: ಮುಖ ನಯವಾಗಿದ್ದರೆ ಬ್ಲೇಡ್ ಸರಿ, ಪದರ ಬಿಟ್ಟು ಅಂಚು ಸೀಳಿದ್ದರೆ ಅಂದಿಗೆ ಕೆಲಸ ನಿಲ್ಲಿಸಿ. ಗಿಲೊಟಿನ್ನಿನ ಬ್ಲೇಡ್ ಬದಲಿಸಬಹುದು ಎನ್ನುತ್ತಾರೆ, ಆದರೆ ನಮ್ಮ ಅಂಗಡಿಗಳಲ್ಲಿ ಅದು ಬಿಡಿಯಾಗಿ ಸಿಗುವುದು ಅಪರೂಪ. ದಪ್ಪ ಉಗುರು ಬಳೆಯೊಳಗೆ ಹೋಗುವುದೂ ಇಲ್ಲ. ಹೋದರೂ, ಎಲ್ಲಿ ಕತ್ತರಿಸುತ್ತಿದ್ದೇವೆ ಎಂಬುದನ್ನು ಬಳೆಯೇ ಮರೆಮಾಡುತ್ತದೆ.

ಇಕ್ಕಳ ಕ್ಲಿಪ್ಪರ್‌ನಲ್ಲಿ ಎರಡು ಬಾಗಿದ ಬ್ಲೇಡ್‌ಗಳು ಎದುರುಬದುರಾಗಿ ಕಚ್ಚುತ್ತವೆ. ಉಗುರನ್ನು ಪಕ್ಕದಿಂದ ಹಿಡಿಯಬಹುದು, ತುದಿ ಪೂರ್ತಿ ಕಾಣುತ್ತದೆ. ಲ್ಯಾಬ್ರಡಾರ್ ಗಾತ್ರದ ನಾಯಿಗೆ ದೊಡ್ಡ ಅಳತೆಯದನ್ನೇ ಕೊಳ್ಳಿ. ಚಿಕ್ಕದರಲ್ಲಿ ದಪ್ಪ ಉಗುರು ತಿರುಚಿಕೊಳ್ಳುತ್ತದೆ. ಬ್ಲೇಡ್ ಹಿಂದೆ ಸುರಕ್ಷೆಗೆಂದು ಒಂದು ತಗಡು ಇರುತ್ತದೆ. ಅದನ್ನು ನಂಬಬೇಡಿ. ಅದು ತುದಿಯಿಂದ ಇಷ್ಟು ದೂರ ಎಂದು ಅಳೆಯುತ್ತದೆಯೇ ಹೊರತು ಒಳಗಿನ ಹಸಿ ಭಾಗ ಎಲ್ಲಿದೆಯೆಂದು ಅದಕ್ಕೇನು ಗೊತ್ತು? ಪಕ್ಕಕ್ಕೆ ಸರಿಸಿಡುವುದೇ ಲೇಸು.

ಕತ್ತರಿಸುವಾಗ ಹೆಬ್ಬೆರಳು ನಾಯಿಯ ಬೆರಳಿನ ಮೇಲೆ, ತೋರುಬೆರಳು ಕೆಳಗಿನ ಮೆತ್ತೆಯ ಮೇಲೆ ಇಟ್ಟು ಮೆಲ್ಲಗೆ ಒತ್ತಿದರೆ ಉಗುರು ಮುಂದೆ ಬಂದು ನಿಲ್ಲುತ್ತದೆ. ಮುಂಗಾಲನ್ನು ಪಕ್ಕಕ್ಕೆ ಎಳೆಯದೆ ಹಿಂದಕ್ಕೆ ಮಡಚಿ ಹಿಡಿಯಿರಿ, ನಾಯಿ ಅಷ್ಟಾಗಿ ಕೊಸರುವುದಿಲ್ಲ. ಉಗುರನ್ನು ಕೆಳಗಿನಿಂದ ನೋಡಿದರೆ ತುದಿಯ ಕೊಕ್ಕೆಯಲ್ಲಿ ಒಂದು ಟೊಳ್ಳು ತೋಡು ಕಾಣುತ್ತದೆ. ಅಷ್ಟು ಭಾಗದಲ್ಲಿ ಜೀವವಿಲ್ಲ. ಸ್ನಾನ ಆದ ಮೇಲೆ ಉಗುರು ಮೆತ್ತಗಿದ್ದು ಸೀಳುವುದು ಕಡಿಮೆ. ನಾಲ್ಕೂ ಕಾಲು ಒಂದೇ ದಿನ ಮುಗಿಯಬೇಕೆಂಬ ಹಟ ಬೇಡ.

ಗ್ರೈಂಡರ್ ಕತ್ತರಿಸುವುದಿಲ್ಲ, ಸವೆಸುತ್ತದೆ. ಹಾಗಾಗಿ ಒಮ್ಮೆಲೇ ಹಸಿ ಭಾಗಕ್ಕೆ ಹೋಗುವ ಭಯ ಕಡಿಮೆ, ಅಂಚೂ ನಯವಾಗುತ್ತದೆ. ಆದರೆ ಉದ್ದ ಬೆಳೆದ ಉಗುರನ್ನು ಇದರಲ್ಲೇ ಅಳತೆಗೆ ತರುವುದೆಂದರೆ ತಾಳ್ಮೆ ಪರೀಕ್ಷೆ. ಒಂದೇ ಕಡೆ ಹಿಡಿದರೆ ಉಗುರು ಬಿಸಿಯಾಗುತ್ತದೆ. 2–3 ಸೆಕೆಂಡ್ ತಾಗಿಸಿ ತೆಗೆಯಬೇಕು. ಅಗ್ಗದ ರೀಚಾರ್ಜ್ ಮಾದರಿಗಳು ತುಸು ಒತ್ತಿದರೆ ನಿಂತೇಬಿಡುತ್ತವೆ. ಶಿಟ್ಜು, ಗೋಲ್ಡನ್ ರಿಟ್ರೀವರ್‌ನಂಥ ಉದ್ದ ಕೂದಲಿನ ನಾಯಿಗಳಲ್ಲಿ ಪಂಜದ ಕೂದಲು ತಿರುಗುವ ತಲೆಗೆ ಸುತ್ತಿಕೊಳ್ಳುತ್ತದೆ. ಹಳೆಯ ನೈಲಾನ್ ಕಾಲುಚೀಲ ತೊಡಿಸಿ, ಉಗುರಷ್ಟೇ ಅದರಿಂದ ಹೊರಗೆ ತೂರಿಸಿದರೆ ಕೂದಲು ಒಳಗೇ ಉಳಿಯುತ್ತದೆ. ಧೂಳು ಏಳುವುದರಿಂದ ಮಾಸ್ಕ್ ಬೇಕು. ಸದ್ದಿಗೆ ಒಗ್ಗಿಸಲು ಮೊದಲ ಕೆಲವು ದಿನ ಉಗುರು ಮುಟ್ಟದೆ, ದೂರದಲ್ಲಿ ಓಡಿಸುತ್ತಾ ತಿಂಡಿ ಕೊಡುವುದೊಂದೇ ದಾರಿ.

ಹಲಗೆಗೆ 80 ನಂಬರಿನ ಉಪ್ಪುಕಾಗದ ಅಂಟಿಸಿ ನಾಯಿಯಿಂದಲೇ ಕೆರೆಸುವ ಉಪಾಯವೂ ಇದೆ: ಮುಂಗಾಲಿಗೆ ಪರವಾಗಿಲ್ಲ, ಅದರಲ್ಲೂ ನಡುವಿನ ಎರಡು ಉಗುರೇ ಹೆಚ್ಚು ಸವೆಯುತ್ತವೆ.

ಯಾವುದನ್ನು ಬಳಸಿದರೂ ಪಕ್ಕದಲ್ಲಿ ರಕ್ತ ನಿಲ್ಲಿಸುವ ಸ್ಟಿಪ್ಟಿಕ್ ಪುಡಿ ಇರಲಿ. ಇಲ್ಲದಿದ್ದರೆ ಕಾರ್ನ್‌ಫ್ಲೋರ್ ಆದೀತು. ರಕ್ತ ಬಂದರೆ ಉಗುರಿನ ತುದಿಗೆ ಪುಡಿ ಒತ್ತಿ 5 ನಿಮಿಷ ಹಾಗೇ ಹಿಡಿಯಿರಿ, ನಡುನಡುವೆ ತೆಗೆದು ನೋಡಬೇಡಿ. 20 ನಿಮಿಷವಾದರೂ ರಕ್ತ ನಿಲ್ಲದಿದ್ದರೆ ವೈದ್ಯರಲ್ಲಿಗೆ ಹೋಗಿ, ಮೈಮೇಲೆ ಉಣ್ಣೆ ಇದ್ದದ್ದನ್ನೂ ಮರೆಯದೆ ತಿಳಿಸಿ. ಉಣ್ಣೆಯಿಂದ ಬರುವ ಜ್ವರದಲ್ಲಿ ಪ್ಲೇಟ್‌ಲೆಟ್ ಕುಸಿಯುವುದರಿಂದ ಸಣ್ಣ ಗಾಯವೂ ಬೇಗ ಹೆಪ್ಪುಗಟ್ಟುವುದಿಲ್ಲ.

ದುಡ್ಡಿನ ಲೆಕ್ಕಕ್ಕೆ ಬಂದರೆ, ಒಳ್ಳೆಯ ಇಕ್ಕಳ ಕ್ಲಿಪ್ಪರ್‌ಗೆ 500 ರೂಪಾಯಿ ಆಸುಪಾಸು ಇಟ್ಟುಕೊಳ್ಳಿ. ಗ್ರೈಂಡರ್‌ಗೆ ಅದರ ಎರಡು ಮೂರು ಪಟ್ಟು. ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ತೆಗೆಯುವ ಅಭ್ಯಾಸ ನನ್ನದು, ಅದಕ್ಕೆ ಕ್ಲಿಪ್ಪರ್ ಧಾರಾಳ ಸಾಕು. ಹೀಗೆ ತೆಗೆಯುತ್ತಾ ಹೋದರೆ ಒಳಗಿನ ಹಸಿ ಭಾಗವೂ ನಿಧಾನಕ್ಕೆ ಹಿಂದೆ ಸರಿಯುತ್ತದೆ. ಅಪಾರ್ಟ್‌ಮೆಂಟಿನ ಟೈಲ್ಸ್ ಮೇಲೆ ಬೆಳೆಯುವ ನಾಯಿಗೆ ಈ ಲೆಕ್ಕ ಸರಿ. ದಿನವೂ ಡಾಂಬರು ರಸ್ತೆಯಲ್ಲಿ ಓಡಾಡುವ ನಾಯಿಗೆ ಇಷ್ಟು ಬೇಕಾಗದು. ಕತ್ತರಿಸಿದ ಅಂಚು ಸೋಫಾ, ಮೈಕೈ ಗೀರುತ್ತದೆ ಎನ್ನುವವರು, ಕ್ಲಿಪ್ಪರ್ ಕಂಡರೆ ಆಗಲೇ ಹೆದರುವ ನಾಯಿ ಇರುವವರು ಗ್ರೈಂಡರ್ ಕೊಂಡುಕೊಳ್ಳಿ.

ಮುಂಗಾಲಿನ ಒಳಬದಿಯಲ್ಲಿ, ನೆಲಕ್ಕೆ ತಾಗದೆ ಮೇಲೆ ಇರುವ ಉಗುರನ್ನು ಪ್ರತಿ ಸಲವೂ ಹುಡುಕಿ ತೆಗೆಯಿರಿ. ಅದು ತಾನಾಗಿ ಸವೆಯುವುದಿಲ್ಲ, ಸುತ್ತಿಕೊಂಡು ಚರ್ಮಕ್ಕೇ ಚುಚ್ಚುತ್ತದೆ. ಬಾಗಿದ ಅದಕ್ಕೆ ಗಿಲೊಟಿನ್ನಿನ ಬಳೆ ತೂರಿಸಲು ಆಗುವುದಿಲ್ಲ. ಇಕ್ಕಳ ಪಕ್ಕದಿಂದ ಹೋಗುತ್ತದೆ. ಆಗಲೇ ಮಾಂಸದೊಳಗೆ ಇಳಿದಿದ್ದರೆ ಮನೆಯಲ್ಲಿ ಕೈಹಾಕದೆ ವೈದ್ಯರಿಂದಲೇ ತೆಗೆಸಿ.