ಯಲಹಂಕ ಉಪನಗರ: 26 ವರ್ಷ ಇದ್ದು ನೋಡಿದ ಮೇಲೆ

ಯಲಹಂಕದಲ್ಲಿ ಮನೆ ಹುಡುಕುವವರು ಮೊದಲು ಕೇಳುವುದು ಏರ್‌ಪೋರ್ಟ್ ಎಷ್ಟು ದೂರ ಅಂತ. ಅದು ಮ್ಯಾಪ್ ನೋಡಿದರೆ ಗೊತ್ತಾಗುತ್ತದೆ. ಇಲ್ಲಿ ದಿನಾ ಬದುಕುವುದು ಹೇಗೆ ಅಂತ ನಾನು ಹೇಳುತ್ತೇನೆ. 1999ರಲ್ಲಿ ಮದುವೆಯಾಗಿ, ಗೃಹಮಂಡಳಿ ಕಡಿಮೆ ಆದಾಯದವರಿಗೆ ಕಟ್ಟಿದ ಎಲ್‌ಐಜಿ ಮನೆಗೆ ಬಂದವಳು ನಾನು. ಈಗಲೂ ಅದೇ ಮನೆ.

ಮೊದಲು ಒಂದು ಮಾತು. ಯಲಹಂಕವನ್ನು ಬೆಂಗಳೂರಿನ ಬಡಾವಣೆ ಅಂದರೆ ನನಗೆ ಬೇಜಾರಾಗುತ್ತದೆ. 1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರು ಯಲಹಂಕದ ನಾಡಪ್ರಭುಗಳು. ಈ ಊರಿನವರು ಹೋಗಿ ಆ ಊರು ಕಟ್ಟಿದ್ದು, ಅಲ್ವಾ? ಚೋಳರ ಕಾಲದಲ್ಲೇ ಈ ಸೀಮೆಗೆ ಇಲೈಪಾಕ್ಕ ನಾಡು ಎಂಬ ಹೆಸರಿತ್ತು. ಉಪನಗರ ಮಾತ್ರ ಹೊಸದು, ಹಳೆ ಯಲಹಂಕದ ಪಕ್ಕದಲ್ಲಿ ಗೃಹಮಂಡಳಿ ಎಬ್ಬಿಸಿದ್ದು. 1984ರಲ್ಲಿ ರೈಲು ಗಾಲಿ ಕಾರ್ಖಾನೆ ಶುರುವಾಯಿತು. ಎಲ್ಲರ ಬಾಯಲ್ಲಿ ಅದು ‘ವೀಲ್ ಅಂಡ್ ಆಕ್ಸಲ್’. ನಮ್ಮ ಮಾವನವರು ಅಲ್ಲೇ ಕೆಲಸಕ್ಕಿದ್ದರು.

ಸೌಲಭ್ಯಗಳಲ್ಲಿ ನನ್ನ ಮೊದಲ ಓಟು ಲೈಬ್ರರಿಗೆ. ರಿಟೈರ್ ಆದ ಮೇಲೆ ಮಾವನವರ ಬೆಳಗ್ಗೆ ಪೂರ್ತಿ ಅಲ್ಲೇ ಕಳೆಯುತ್ತಿತ್ತು. ಮಧ್ಯಾಹ್ನ ಊಟಕ್ಕೆ ಕರೆಯಲು ನಾನೇ ಹೋಗುತ್ತಿದ್ದೆ. ಉದ್ದನೆಯ ಮೇಜು, ಎರಡೂ ಕಡೆ ಕುರ್ಚಿ. ಒಂದೇ ಪೇಪರು ಬಿಡಿಬಿಡಿಯಾಗಿ ಐದಾರು ಜನರ ಕೈಯಲ್ಲಿ. ಮುಖಪುಟ ಒಬ್ಬರಿಗೆ, ಕ್ರೀಡೆ ಇನ್ನೊಬ್ಬರಿಗೆ, ಕೆಲಸ ಹುಡುಕುವ ಹುಡುಗನಿಗೆ ಉದ್ಯೋಗದ ಪುಟ. ಓದಿ ಮುಗಿದವರು ಮಾತಾಡದೆ ಬೆರಳಿಂದ ಮೇಜನ್ನು ಎರಡು ಸಲ ತಟ್ಟುತ್ತಿದ್ದರು. ಕಾಯುತ್ತಿದ್ದವರು ಕೈ ಚಾಚುತ್ತಿದ್ದರು. ನಮ್ಮ ಮಗಳು ಪಿಯುಸಿಗೆ ಓದಿದ್ದೂ ಅದೇ ಮೇಜಿನ ತುದಿಯಲ್ಲಿ, ಮನೆಯಲ್ಲಿ ಟಿವಿ ಸದ್ದು ಜಾಸ್ತಿ ಅಂತ. ಆಸ್ತಿ ತೆರಿಗೆ ಜೊತೆಗೆ ನಾವೆಲ್ಲ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ಕಟ್ಟಿದ ಮೇಲೆ ಹೋಗಿ ಕೂತು ಓದಿ. ಸೋಮವಾರ ರಜೆ.

ಎರಡನೆಯದು ಪುಟ್ಟೇನಹಳ್ಳಿ ಕೆರೆ. ಜೆ.ಪಿ. ನಗರದ್ದಲ್ಲ, ನಮ್ಮ ಯಲಹಂಕದ್ದು. 2015ರಲ್ಲಿ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಅಂತ ಸರ್ಕಾರ ಘೋಷಿಸಿತು. ಬಣ್ಣದ ಕೊಕ್ಕರೆ ಬರುತ್ತವೆ. ಹಾವಕ್ಕಿ ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಿಸುತ್ತಾ ಕೂತಿರುತ್ತದೆ, ಬಟ್ಟೆ ಹರವಿದ ಹಾಗೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಆದರೆ ತಿಂಡಿ ಪೊಟ್ಟಣ ಬೇಡ.

ಓಡಾಟಕ್ಕೆ ಬಸ್ಸು ಧಾರಾಳ. ನನಗೆ ರೈಲೇ ಇಷ್ಟ. ಯಲಹಂಕ ಜಂಕ್ಷನ್‌ನಿಂದ ಮೆಜೆಸ್ಟಿಕ್‌ಗೆ ಪ್ಯಾಸೆಂಜರ್‌ನಲ್ಲಿ 10 ರೂಪಾಯಿ. ಹೆಬ್ಬಾಳದ ಟ್ರಾಫಿಕ್ಕಿನ ಚಿಂತೆಯೇ ಇಲ್ಲ. ಹಿಂದೆ ಚಿಕ್ಕಬಳ್ಳಾಪುರದ ಕಡೆಗೆ ಪುಟ್ಟ ನ್ಯಾರೋ ಗೇಜ್ ರೈಲು ಇಲ್ಲಿಂದ ಓಡುತ್ತಿತ್ತಂತೆ, ಮಾವನವರು ಹೇಳುತ್ತಿದ್ದರು. ಕೊರತೆ ಅಂದರೆ ಗಾಡಿಗಳು ಕಡಿಮೆ. ಒಂದು ತಪ್ಪಿದರೆ ಬಸ್ಸೇ ಗತಿ. ಉಪನಗರ ರೈಲು ಬಂದರೆ ಇದು ಸರಿಹೋಗಬೇಕು. ಬೇಗ ಬರಲಿ.

ಏರ್ ಶೋ ಬಗ್ಗೆಯೂ ಗೊತ್ತಿರಲಿ. 1996ರಿಂದ ಎರಡು ವರ್ಷಕ್ಕೊಮ್ಮೆ ಇಲ್ಲಿನ ವಾಯುನೆಲೆಯಲ್ಲಿ ನಡೆಯುತ್ತದೆ. ಆ ದಿನಗಳಲ್ಲಿ ಸುತ್ತಮುತ್ತ ಮಾಂಸದ ಅಂಗಡಿ ಮುಚ್ಚಿಸುತ್ತಾರೆ, ಹದ್ದುಗಳು ಬಂದು ವಿಮಾನಕ್ಕೆ ಬಡಿಯಬಾರದು ಅಂತ. ಮಗು ಮಲಗಿಸುವ ಮನೆಯವರಿಗೆ ಸದ್ದು ಕಷ್ಟ. ನಮ್ಮ ಬೀದಿಯವರಿಗೆ ಮಾತ್ರ ಅದು ತಾರಸಿ ಹಬ್ಬ. ಚಾಪೆ ಹಾಸಿ, ಕಡಲೆಕಾಯಿ ಹಿಡಿದು ಕೂರುತ್ತೇವೆ.

ಮನಸ್ಸಿಗೆ ನೋವಾಗುವುದು ಒಂದು. 2007ರವರೆಗೆ ಯಲಹಂಕಕ್ಕೆ ತನ್ನದೇ ನಗರಸಭೆ ಇತ್ತು. ಬೀದಿದೀಪ ಕೆಟ್ಟರೆ ನಡೆದು ಹೋಗಿ ಹೇಳಿ ಬರುತ್ತಿದ್ದೆವು. ಆಮೇಲೆ ಊರು ದೊಡ್ಡ ಪಾಲಿಕೆಗೆ ಸೇರಿತು, ಮಾತು ಕೇಳುವವರು ದೂರವಾದರು. ಮಾವನವರು ಹೋದ ಮೇಲೆ ಅವರ ಹೆಸರಿನ ಒಂದು ಕಾಗದ ಬದಲಾಯಿಸಲು ಒಂದು ಕಚೇರಿಗೆ 11 ತಿಂಗಳು ಅಲೆದೆವು. ಈಗ 2025ರ ಸೆಪ್ಟೆಂಬರ್‌ನಿಂದ ನಾವು ಬೆಂಗಳೂರು ಉತ್ತರ ನಗರ ಪಾಲಿಕೆ. ಊರಿನ ಮಾತು ಊರಿನ ಹತ್ತಿರವೇ ಕೇಳಿಸಿಕೊಳ್ಳುವ ಹಾಗಾಗಲಿ ಅನ್ನುವುದು ನನ್ನ ಆಸೆ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ನಡೆದು ಹೋಗಿ ಪಡೆಯುವ ಸೌಲಭ್ಯಕ್ಕೆಲ್ಲ ಪೂರ್ತಿ ಅಂಕ.

ಸೈಟು, ಮನೆ ನೋಡಲು ಬರುವವರು ಮಳೆಗಾಲದಲ್ಲಿ ಬನ್ನಿ. 2005ರಲ್ಲಿ ನಾವೂ ಒಂದು ಸೈಟು ನೋಡಿದ್ದೆವು. ಲೈಬ್ರರಿ ಮೇಜಿನಲ್ಲಿ ಮಾವನವರ ಎದುರು ಕೂರುತ್ತಿದ್ದ, ಹಳೆ ಯಲಹಂಕದ ಒಬ್ಬ ತಾತ ಕೇಳಿದ ಕೂಡಲೇ ತಲೆ ಅಲ್ಲಾಡಿಸಿದರಂತೆ. ‘ಬೇಡಿ ಸ್ವಾಮಿ, ಕೆರೆ ತುಂಬಿದ್ರೆ ಕೋಡಿ ನೀರು ಹೋಗೋ ದಾರಿ ಅದು’ ಅಂದರಂತೆ. ನಾವು ಬಿಟ್ಟೆವು. 2021ರ ನವೆಂಬರ್‌ನಲ್ಲಿ ಯಲಹಂಕ ಕೆರೆ ತುಂಬಿ ಹರಿದಾಗ ಒಂದು ದೊಡ್ಡ ಅಪಾರ್ಟ್‌ಮೆಂಟಿಗೆ ನೀರು ನುಗ್ಗಿ, ಜನರನ್ನು ದೋಣಿಯಲ್ಲಿ ಹೊರಗೆ ತಂದರು. ನಾವು ನೋಡಿದ್ದ ಸೈಟಿನಲ್ಲೂ ಮೊಣಕಾಲುದ್ದ ನೀರು. ಅಡ್ವಾನ್ಸ್ ಕೊಡುವ ಮೊದಲು ಒಂದು ಬೆಳಗ್ಗೆ ಆ ಮೇಜಿನ ಹತ್ತಿರ ಹೋಗಿ ಕೂತು, ಅಲ್ಲಿರುವ ಹಿರಿಯರನ್ನು ಕೇಳಿ.