ಕೂತು ಓಡಿಸುವ ಹುಲ್ಲಿನ ಮೆಷಿನು: ತೆಂಗಿನ ತೋಟಕ್ಕೆ ಆದೀತು, ಅಡಿಕೆ ತೋಟಕ್ಕೆ ಬೇಡ

ಮಾರುವವರು ಮೊದಲು ಕೇಳುವುದು "ಎಷ್ಟು ಎಕರೆ ಉಂಟು?" ಅಂತ. ನಮ್ಮ ಕಾಸರಗೋಡಿನ ಕಡೆ ಆ ಲೆಕ್ಕ ಹಿಡಿದು ರೈಡಿಂಗ್ ಮೋವರ್ ತೆಗೆದುಕೊಂಡರೆ ಕೈ ಸುಟ್ಟುಕೊಳ್ಳುವುದೇ. ಮಂಜೇಶ್ವರ, ಉಪ್ಪಳ, ಕುಂಬಳೆಯ ಕರಾವಳಿ ಬದಿಯ ಹೊಯಿಗೆ ನೆಲದಲ್ಲಿರುವ ಎರಡು ಎಕರೆ ತೆಂಗಿನ ತೋಟವೂ, ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಎರಡು ಎಕರೆ ಗುಡ್ಡೆಯೂ ತೆರಿಗೆ ರಸೀದಿಯಲ್ಲಿ ಒಂದೇ. ಮೆಷಿನಿಗೆ ಅವೆರಡು ಬೇರೆ ಬೇರೆ ಲೋಕ. ಇಳಿಜಾರು ಎಷ್ಟು, ಕಲ್ಲು ಎಷ್ಟು, ಮರದಿಂದ ಮರಕ್ಕೆ ಅಂತರ ಎಷ್ಟು, ಆಟಿ ತಿಂಗಳ ಮಳೆಯಲ್ಲಿ ನೀರು ನಿಲ್ಲುತ್ತದೋ ಇಲ್ಲವೋ, ಇವಿಷ್ಟು ತಿಳಿದ ಮೇಲೆ ಅಂಗಡಿಗೆ ಹೋಗಬೇಕು.

ಇಳಿಜಾರು ಅಳೆಯಲು ಒಂದು ಮೀಟರ್ ಉದ್ದದ ನೇರ ರೀಪು ಸಾಕು. ಒಂದು ತುದಿಯನ್ನು ಮೇಲ್ಬದಿಯ ನೆಲಕ್ಕೆ ತಾಗಿಸಿ, ಮೇಸ್ತ್ರಿಯ ರಸಮಟ್ಟವನ್ನೋ ಫೋನಿನ ಲೆವೆಲನ್ನೋ ಇಟ್ಟು ಸಮ ಹಿಡಿಯಿರಿ. ಇನ್ನೊಂದು ತುದಿಯಿಂದ ನೆಲಕ್ಕೆ ಎಷ್ಟು ಅಂತರ ಅಂತ ಟೇಪು ಹಿಡಿದು ನೋಡಿ. 27 ಸೆಂಟಿಮೀಟರ್ ಬಂದರೆ ಅದು 15 ಡಿಗ್ರಿ. ಹೆಚ್ಚಿನ ಕೈಪಿಡಿಗಳಲ್ಲಿ ಬರೆದಿರುವ ಗರಿಷ್ಠ ಮಿತಿ ಅದೇ. ಒದ್ದೆ ಹುಲ್ಲಿನಲ್ಲಿ ಓಡಿಸಬೇಡಿ ಅಂತಲೂ ಅದೇ ಕೈಪಿಡಿ ಹೇಳುತ್ತದೆ. ಜುಲೈಯಲ್ಲಿ ಒಣ ಹುಲ್ಲನ್ನು ಎಲ್ಲಿಂದ ತರುವುದು ಅಂತ ಮಾತ್ರ ಹೇಳುವುದಿಲ್ಲ. ಹಾಗಾಗಿ ಪಾಚಿ ಕಟ್ಟುವ ಮುರಕಲ್ಲು ನೆಲದಲ್ಲಿ 17 ಸೆಂಟಿಮೀಟರ್, ಅಂದರೆ ಹತ್ತು ಡಿಗ್ರಿಯ ಹತ್ತಿರಕ್ಕೇ ಗೆರೆ ಎಳೆದುಬಿಡುವುದು ಒಳ್ಳೆಯದು. ಕೂತು ಓಡಿಸುವ ಮೆಷಿನು ಇಳಿಜಾರಿನಲ್ಲಿ ಮೇಲೆ ಕೆಳಗೆ ಹೋಗಬೇಕು, ಅಡ್ಡಕ್ಕೆ ಹೋದರೆ ಮಗುಚುವ ಭಯ. ತಳ್ಳುವ ಮೆಷಿನಿಗೆ ಇದು ತಿರುಗಾಮುರುಗಾ: ಅದು ಅಡ್ಡಕ್ಕೇ ಹೋಗಬೇಕು. ಮೇಲೆ ಕೆಳಗೆ ಹೋಗುವಾಗ ಕಾಲು ಜಾರಿದರೆ ಪಾದ ಹೋಗುವುದು ಬ್ಲೇಡಿನ ಅಡಿಗೆ. ಬರೆಯ ಅಂಚು, ಪಳ್ಳದ ದಡ, ಅಗಳಿನ ಬದಿ ಇರುವಲ್ಲಿ ಮೆಷಿನಿನ ಎರಡು ಅಗಲದಷ್ಟು ಜಾಗ ಬಿಟ್ಟೇ ಓಡಿಸಬೇಕು. ಉಳಿದ ಅಂಚು ಹೆಗಲಿಗೆ ಹಾಕುವ ಬ್ರಶ್ ಕಟ್ಟರಿನ ಪಾಲು.

ಅಡಿಕೆ ತೋಟಕ್ಕೆ ಇದು ಹೊಂದುವುದೇ ಇಲ್ಲ. 2.7 ಮೀಟರ್ ಅಂತರದ ಸಾಲಿನ ನಡುವೆ 42 ಇಂಚು ಅಗಲಕ್ಕೆ ಕೊಯ್ಯುವ ಮೆಷಿನು ನುಗ್ಗುವುದೇನೋ ನುಗ್ಗುತ್ತದೆ. ಆದರೆ ಸಾಲುಗಳ ನಡುವೆ ಕಣಿ ಉಂಟು, ಕಣಿಗೆ ಅಡ್ಡ ಸಂಕ ಉಂಟು, ಸ್ಪ್ರಿಂಕ್ಲರ್ ಜೆಟ್ಟಿನ ಪೈಪು ಉಂಟು. ಬಿದ್ದ ಅಡಿಕೆ ಹಾಳೆಯೊಂದು ಒಳಗೆ ಸಿಕ್ಕಿದರೆ ಬ್ಲೇಡಿಗೆ ಸುತ್ತಿಕೊಂಡು ಬೆಲ್ಟು ಜಾರುತ್ತದೆ, ರಬ್ಬರು ಸುಟ್ಟ ವಾಸನೆ ಬರುತ್ತದೆ. ಕಣಿಗೆ ಒಂದು ಚಕ್ರ ಇಳಿಯಿತೋ, ಎತ್ತಲು ನಾಲ್ಕು ಜನ ಬೇಕು.

ತೆಂಗಿನ ತೋಟದ ಲೆಕ್ಕ ಬೇರೆ. 7.5 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಎಪ್ಪತ್ತು ಚಿಲ್ಲರೆ ಮರ. ಬುಡದ ಕಟ್ಟೆ ಮರದಿಂದ 1.8 ಮೀಟರ್ ಅಂತ ಹಿಡಿದರೆ ಎರಡು ಕಟ್ಟೆಗಳ ನಡುವೆ ಉಳಿಯುವುದು 3.9 ಮೀಟರ್. ಇಲ್ಲಿ ಡೆಕ್ಕಿನ, ಅಂದರೆ ಬ್ಲೇಡುಗಳನ್ನು ಮುಚ್ಚಿರುವ ತಗಡಿನ ಗೂಡಿನ, ಅಗಲವನ್ನು ಸ್ವಲ್ಪ ಕೂತು ಲೆಕ್ಕ ಹಾಕಬೇಕು. 42 ಇಂಚು ಅಂದರೆ 107 ಸೆಂಟಿಮೀಟರ್. ಒಂದರ ಮೇಲೊಂದು ಹತ್ತು ಸೆಂಟಿಮೀಟರ್ ಹತ್ತಿಸಿ ಓಡಿಸಿದರೆ ನಾಲ್ಕು ಸಲಕ್ಕೆ ಸಾಲು ಮುಗಿಯುತ್ತದೆ. 48 ಇಂಚಿನದಕ್ಕೆ ಮೂರು ಸಲಕ್ಕೆ ಮೂರೂವರೆ ಮೀಟರ್ ಮಾತ್ರ ಸಿಗುವುದು, ಹಾಗಾಗಿ ಅದಕ್ಕೂ ನಾಲ್ಕು ಸಲವೇ ಬೇಕು. ಹೆಚ್ಚು ಹಣ ಕೊಟ್ಟರೂ ಸಮಯ ಉಳಿಯುವುದಿಲ್ಲ. 54 ಇಂಚಿನದು ಮೂರು ಸಲಕ್ಕೆ 3.91 ಮೀಟರ್ ಕೊಯ್ಯುತ್ತದೆ, ಕೂದಲೆಳೆಯಲ್ಲಿ ಪಾಸು. ಅಜ್ಜನ ಕಾಲದ ತೋಟದಲ್ಲಿ ಮರಗಳು ನೇರ ಸಾಲಿನಲ್ಲಿ ಇರುವುದಿಲ್ಲವಲ್ಲ, ಅಲ್ಲಿ ಅದೂ ನಾಲ್ಕು ಸಲವೇ. ಆದ್ದರಿಂದ ಸಾಮಾನ್ಯ ತೆಂಗಿನ ತೋಟಕ್ಕೆ 42 ಇಂಚು ಸರಿಯಾದ ಆಯ್ಕೆ. 54 ಬೇಕಾಗುವುದು ಶಾಲೆಯ ಮೈದಾನಕ್ಕೆ, ದೇವಸ್ಥಾನದ ಎದುರಿನ ಗದ್ದೆ ಬಯಲಿಗೆ, ಬೇಕಲದ ಕಡೆಯ ರೆಸಾರ್ಟುಗಳ ಹುಲ್ಲುಹಾಸಿಗೆ. ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ, ತಿರುವಿಗೂ ಹತ್ತಿಸಿದ್ದಕ್ಕೂ ಐದರಲ್ಲಿ ಒಂದು ಪಾಲು ಕಳೆದರೆ, 42 ಇಂಚಿನದು ಬಯಲಲ್ಲಿ ಗಂಟೆಗೆ ಒಂದು ಎಕರೆ ಮುಗಿಸುತ್ತದೆ. ಮರಗಳ ನಡುವೆ ಐವತ್ತು ಅರುವತ್ತು ಸೆಂಟ್ಸ್ (ನೂರು ಸೆಂಟ್ಸ್ ಅಂದರೆ ಒಂದು ಎಕರೆ) ಅಂತ ಇಟ್ಟುಕೊಳ್ಳಿ. ಕೊಯ್ದ ಹುಲ್ಲು ಬಲಬದಿಗೆ ಬೀಳುವ ಮೆಷಿನೇ ಹೆಚ್ಚು. ಮರವನ್ನು ಎಡಕ್ಕೆ ಇಟ್ಟುಕೊಂಡು ಹೋದರೆ ಬುಡದ ಹತ್ತಿರಕ್ಕೆ ಹೋಗಬಹುದು, ಹುಲ್ಲೂ ಸಾಲಿನ ನಡುವೆ ಬಿದ್ದು ಮುಂದಿನ ಸಲಕ್ಕೆ ಇನ್ನೊಮ್ಮೆ ಪುಡಿಯಾಗುತ್ತದೆ.

ಇನ್ನು ಯಾವ ಜಾತಿಯದು. ಇಂಜಿನು ಹಿಂದೆ ಇರುವ 30 ಇಂಚಿನ ಸಣ್ಣ ಮೆಷಿನು ಗೇಟಿನ ಒಳಗೆ ಅರ್ಧ ಎಕರೆ ಅಂಗಳ ಇರುವವರಿಗೆ. ತೋಟಕ್ಕೆ ಅದು ಆಟದ ಸಾಮಾನು. ಇಂಜಿನು ಮುಂದೆ, ಡೆಕ್ಕು ಹೊಟ್ಟೆಯಡಿ, ಕೈಯಲ್ಲಿ ಸ್ಟೇರಿಂಗು ಇರುವ ಲಾನ್ ಟ್ರಾಕ್ಟರು ನಮ್ಮ ನೆಲಕ್ಕೆ ಹೊಂದುವಂಥದ್ದು. ಜೀರೋ ಟರ್ನ್ ನೋಡಲು ಚಂದ, ನಿಂತಲ್ಲೇ ತಿರುಗುತ್ತದೆ, ಬಯಲಲ್ಲಿ ಅದನ್ನು ಮೀರಿಸುವುದು ಬೇರೆ ಇಲ್ಲ. ಆದರೆ ಅದರ ಮುಂದಿನ ಎರಡು ಚಕ್ರ ಬರೀ ಉರುಳುವಂಥವು. ದಿಕ್ಕು ತಿರುಗಿಸುವುದು, ನಿಲ್ಲಿಸುವುದು ಎಲ್ಲ ಹಿಂದಿನ ಎರಡು ಚಕ್ರಗಳ ಕೆಲಸ. ಒದ್ದೆ ಇಳುಕಲಿನಲ್ಲಿ ಹಿಂದಿನ ಚಕ್ರ ಜಾರಿತೆಂದರೆ ದಿಕ್ಕೂ ಹೋಯಿತು, ಬ್ರೇಕೂ ಹೋಯಿತು. ಪಳ್ಳವೋ ತೋಡೋ ಹತ್ತಿರ ಇರುವ ಜಾಗಕ್ಕೆ ಬೇಡವೇ ಬೇಡ. ಬ್ಯಾಟರಿಯದು ಸದ್ದಿಲ್ಲ, ಹೊಗೆಯಿಲ್ಲ, ಆದರೆ ಮಳೆಗಾಲದ ನಮ್ಮ ಕರೆಂಟು ನಂಬಿ ಅಷ್ಟು ಹಣ ಹಾಕುವುದು ಅವರವರ ಧೈರ್ಯ.

ಡೆಕ್ಕಿನ ಕೆಳಗೆ ಬಗ್ಗಿ ನೋಡದೆ ಮುಂಗಡ ಕೊಡಬೇಡಿ. ಅಚ್ಚಿನಲ್ಲಿ ಒತ್ತಿದ ತಗಡಿನ ಡೆಕ್ಕು ಎರಡೂವರೆ ಮಿಲಿಮೀಟರ್ ಆಸುಪಾಸು ದಪ್ಪ. ಪ್ಲೇಟು ಕತ್ತರಿಸಿ ವೆಲ್ಡ್ ಮಾಡಿದ್ದು ಮೂರರಿಂದ ನಾಲ್ಕೂವರೆ. ಹೊಯಿಗೆ ನೆಲಕ್ಕೆ ಮೊದಲನೆಯದು ಸಾಕು, ಆದರೆ ಉಪ್ಪುಗಾಳಿಗೆ ಒಳಗಿನ ಬಣ್ಣ ಎದ್ದು ತುಕ್ಕು ಹಿಡಿಯುವುದೂ ಅದಕ್ಕೇ ಬೇಗ. ಬ್ಲೇಡು ತಿರುಗುವ ಸ್ಪಿಂಡಲಿಗೆ ಗ್ರೀಸ್ ನಿಪ್ಪಲ್ ಇದೆಯೋ ನೋಡಿ. ಇಲ್ಲದಿದ್ದರೆ ಒಳಗಿರುವುದು ಮುಚ್ಚಿದ ಬೇರಿಂಗು, ನೀರು ಹೊಕ್ಕರೆ ಬದಲಿಸುವುದೇ ದಾರಿ. ಡೆಕ್ಕಿಗೆ ಹೋಸು ಸಿಕ್ಕಿಸಿ ತೊಳೆಯುವ ತೂತು ಉಂಟೆಂದು ಅಂಗಡಿಯಲ್ಲಿ ಹೊಗಳುತ್ತಾರೆ. ಆ ನೀರಿನಿಂದಲೇ ಬೇರಿಂಗು ಹಾಳಾಗುವುದು. ಮೆಷಿನು ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗಿನ ವಯರು ಕಳಚಿ, ಮರದ ಚಕ್ಕೆಯಲ್ಲಿ ಅಂಟಿದ ಹುಲ್ಲು ಕೆರೆದು ತೆಗೆಯುವುದು ಅದಕ್ಕಿಂತ ಲೇಸು.

ಗೇರಿನ ವಿಷಯದಲ್ಲಿ ಹೆಚ್ಚಿನವರು ಈಗ ಹೈಡ್ರೋಸ್ಟ್ಯಾಟಿಕ್, ಅಂದರೆ ಎಣ್ಣೆಯ ಒತ್ತಡದಲ್ಲಿ ಚಕ್ರ ತಿರುಗಿಸುವ ಗೇರುಪೆಟ್ಟಿಗೆ, ಕೊಡುತ್ತಾರೆ. ಪೆಡಲು ಒತ್ತಿದಷ್ಟು ಮುಂದೆ, ಬಿಟ್ಟರೆ ನಿಲ್ಲುತ್ತದೆ. ಕೇಳಬೇಕಾದ್ದು ಯಾವ ಗಾತ್ರದ್ದು ಅಂತ. ಟಫ್ ಟಾರ್ಕ್ ಕಂಪನಿಯ ಕೆ-46 ಹಗುರ ವರ್ಗದ್ದು, ಹುಲ್ಲು ಕೊಯ್ಯಲು ಮಾತ್ರ. ಹಿಂದೆ ಟ್ರೇಲರ್ ಕಟ್ಟಿ ಗೊಬ್ಬರ, ತೆಂಗಿನಕಾಯಿ ಸಾಗಿಸುವ ಆಲೋಚನೆ ಇದ್ದರೆ ಕೆ-66ರಂಥ ಭಾರದ ವರ್ಗ ಬೇಕು. ಹಗುರದ್ದರಲ್ಲಿ ಏರು ಎಳೆಸಿದರೆ ಒಳಗಿನ ಎಣ್ಣೆ ಕಾದು ತೆಳುವಾಗಿ, ಬೆಳಿಗ್ಗೆ ಸರಿಯಾಗಿ ಹತ್ತಿದ ಏರನ್ನೇ ಮಧ್ಯಾಹ್ನ ಹತ್ತದೆ ನಿಲ್ಲುತ್ತದೆ. ಗೇರುಪೆಟ್ಟಿಗೆಯ ಮೇಲಿರುವ ಸಣ್ಣ ಫ್ಯಾನಿನ ಸುತ್ತ ಹುಲ್ಲು ತುಂಬಿದರೂ ಇದೇ ಲಕ್ಷಣ, ಮೊದಲು ಅದನ್ನು ನೋಡಿ. ಕೆಟ್ಟು ನಿಂತ ಮೆಷಿನನ್ನು ದೂಡುವ ಮೊದಲು ಹಿಂದಿನ ಫ್ರೀ ಮಾಡುವ ಸಲಾಕೆ ಎಳೆಯಬೇಕು. ಎಳೆಯದೆ ಜೀಪಿಗೆ ಕಟ್ಟಿ ಎಳೆದರೆ ಗೇರುಪೆಟ್ಟಿಗೆಯ ಕಥೆ ಮುಗಿಯಿತು.

ಇಂಜಿನು 17ರಿಂದ 20 ಎಚ್‌ಪಿ ಇದ್ದರೆ 42 ಇಂಚಿಗೆ ಧಾರಾಳ. ಗಂಟೆಗೆ ಎರಡೂವರೆಯಿಂದ ನಾಲ್ಕು ಲೀಟರ್ ಪೆಟ್ರೋಲು ಹೋಗುತ್ತದೆ. ತೊಡಕು ಇರುವುದು ಪೆಟ್ರೋಲಿನಲ್ಲಿಯೇ. ಈಗ ಬಂಕುಗಳಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಸೇರಿದ್ದು. ಇಂಥ ಇಂಜಿನು ಮಾಡುವ ಹಲವು ಕಂಪನಿಗಳು 10 ಶೇಕಡಾದವರೆಗೆ ಮಾತ್ರ ಒಪ್ಪುತ್ತವೆ. ಈ 20 ನಡೆಯುತ್ತದೋ, ಕಾರ್ಬುರೇಟರ್ ಹೋದರೆ ವಾರಂಟಿ ಉಂಟೋ ಅಂತ ಬರವಣಿಗೆಯಲ್ಲಿ ಕೇಳಿ, ಬಾಯಿಮಾತು ಬೇಡ. ಎಥನಾಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಗಾಳಿಯಲ್ಲಿ ತೇವಕ್ಕೇನು ಬರ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ಕಾರ್ಬುರೇಟರಿನ ಬಟ್ಟಲಲ್ಲಿ ಅಂಟು ಕಟ್ಟಿ ಜೆಟ್ಟಿನ ತೂತು ಮುಚ್ಚುತ್ತದೆ. ಹೊಸ ಇಂಜಿನಿನ ಎಣ್ಣೆಯನ್ನು ಮೊದಲ ಐದರಿಂದ ಹತ್ತು ಗಂಟೆಯೊಳಗೆ ಒಮ್ಮೆ ಬದಲಿಸಿ, ಆಮೇಲೆ ಕೈಪಿಡಿ ನೋಡಿ 50ಕ್ಕೋ 100ಕ್ಕೋ. ಏರ್ ಫಿಲ್ಟರು 25 ಗಂಟೆಗೊಮ್ಮೆ ಬಿಚ್ಚಬೇಕು, ಮಾರ್ಚ್ ಏಪ್ರಿಲಿನ ಕೆಂಪು ಧೂಳಿನಲ್ಲಿ ಓಡಿಸುವುದಾದರೆ ಅದಕ್ಕೂ ಮೊದಲೇ.

ಹುಲ್ಲು ಒಂದು ಬದಿ ಗಿಡ್ಡ, ಒಂದು ಬದಿ ಉದ್ದ ಬರುತ್ತಿದೆ ಅಂತ ದೂರು ಬಂದರೆ ಹತ್ತರಲ್ಲಿ ಎಂಟು ಸಲ ತಪ್ಪು ಟಯರಿನ ಗಾಳಿಯದು. ಈ ಟಯರಿಗೆ ಬೇಕಾದ್ದು ಬರೀ 10ರಿಂದ 14 ಪೌಂಡು ಗಾಳಿ. ಪಂಕ್ಚರ್ ಅಂಗಡಿಯಲ್ಲಿ ಬೈಕಿಗೆ ಹಾಕಿದ ಹಾಗೆ 30 ತುಂಬಿಸಿಬಿಡುತ್ತಾರೆ. ಗಾಳಿ ಸರಿ ಮಾಡಿ, ಮೆಷಿನನ್ನು ಅಡಿಕೆ ಒಣಗಿಸುವ ಸಿಮೆಂಟಿನ ಅಂಗಳಕ್ಕೆ ತನ್ನಿ. ಅದಕ್ಕಿಂತ ಸಮತಟ್ಟು ಜಾಗ ನಮ್ಮ ಮನೆಗಳಲ್ಲಿ ಬೇರೆ ಇಲ್ಲ. ಪ್ಲಗ್ಗಿನ ವಯರು ಕಳಚಿ, ದಪ್ಪ ಗ್ಲೌಸು ಹಾಕಿ ಬ್ಲೇಡುಗಳನ್ನು ಅಡ್ಡಕ್ಕೆ ತಿರುಗಿಸಿ. ಎಡ ತುದಿಯಿಂದ ನೆಲಕ್ಕೆ, ಬಲ ತುದಿಯಿಂದ ನೆಲಕ್ಕೆ ಅಳೆಯಿರಿ. ವ್ಯತ್ಯಾಸ ಮೂರು ಮಿಲಿಮೀಟರ್ ಮೀರಿದರೆ ಡೆಕ್ಕು ನೇತಾಡುವ ಕೊಂಡಿಯ ನಟ್ಟು ತಿರುಗಿಸಿ ಸರಿ ಮಾಡಿ. ಬಳಿಕ ಬ್ಲೇಡನ್ನು ಮುಂದೆ ಹಿಂದೆ ಬರುವಂತೆ ನಿಲ್ಲಿಸಿ ಇನ್ನೊಮ್ಮೆ ಅಳೆಯಿರಿ. ಮುಂದಿನ ತುದಿ ಹಿಂದಿನದಕ್ಕಿಂತ ಮೂರರಿಂದ ಹತ್ತು ಮಿಲಿಮೀಟರ್ ತಗ್ಗಿ ಇರಬೇಕು. ತಲೆಕೆಳಗಾಗಿದ್ದರೆ ಕೊಯ್ದ ಹುಲ್ಲನ್ನೇ ಮತ್ತೆ ಮತ್ತೆ ಕೊಯ್ದು ಇಂಜಿನು ಏದುಸಿರು ಬಿಡುತ್ತದೆ.

ಬ್ಲೇಡು ಹರಿತ ಮಾಡಿಸಿದ ಮೇಲೆ ನಡುವಿನ ತೂತನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ಬಿಡಿ. ಯಾವ ಬದಿ ಕೆಳಗೆ ವಾಲುತ್ತದೋ ಆ ಬದಿಯನ್ನು ಇನ್ನಷ್ಟು ಅರೆಯಬೇಕು. ತೂಕ ಹೆಚ್ಚುಕಮ್ಮಿ ಇದ್ದರೆ ಕಂಪನಕ್ಕೆ ಮೊದಲು ಹೋಗುವುದು ಸ್ಪಿಂಡಲಿನ ಬೇರಿಂಗು. ಕೀ ತಿರುಗಿಸಿದರೆ ಇಂಜಿನು ಹಿಡಿಯುತ್ತದೆ, ಬ್ಲೇಡು ಆನ್ ಮಾಡಿದ ಕೂಡಲೇ ಸಾಯುತ್ತದೆ ಅಂತಾದರೆ ಇಂಜಿನು ಬಿಚ್ಚಿಸಲು ಹೋಗಬೇಡಿ, ಸೀಟಿನ ಅಡಿಯ ಸ್ವಿಚ್ಚು ನೋಡಿ. ಮಳೆಗಾಲದಲ್ಲಿ ಅದರ ಪಿನ್ನಿಗೆ ಕ್ಲಾವು ಹಿಡಿದಿರುತ್ತದೆ, ಇಲ್ಲವೇ ಇಲಿ ವಯರು ಕಡಿದಿರುತ್ತದೆ. ಆ ಸ್ವಿಚ್ಚಿಗೆ ವಯರು ಅಡ್ಡ ಕಟ್ಟಿ ಕೆಲಸ ಸಾಗಿಸುವ ಜಾಣರಿದ್ದಾರೆ. ಅದು ಇರುವುದೇ ನೀವು ಸೀಟಿನಿಂದ ಬಿದ್ದರೆ ಬ್ಲೇಡು ನಿಲ್ಲಲಿ ಅಂತ.

ಇಷ್ಟೆಲ್ಲ ಇದ್ದರೂ ಸೊಂಟದೆತ್ತರದ ಮುಳಿಹುಲ್ಲಿಗೋ, ಕಮ್ಯುನಿಸ್ಟ್ ಗಿಡದ ಪೊದೆಗೋ ಇದನ್ನು ನುಗ್ಗಿಸುವಂತಿಲ್ಲ. ಅದರ ಕೆಲಸ ನಾಲ್ಕರಿಂದ ಹತ್ತು ಸೆಂಟಿಮೀಟರಿಗೆ ಹುಲ್ಲು ಮಟ್ಟ ಮಾಡುವುದು. ಕಾಡು ಬೆಳೆದಿದ್ದರೆ ಮೊದಲು ಬ್ರಶ್ ಕಟ್ಟರಿನಲ್ಲಿ ಕೆಡವಿ, ಆಮೇಲೆ ಹದಿನೈದು ದಿನಕ್ಕೊಮ್ಮೆ ಓಡಿಸಿದರೆ ಮಾತ್ರ ಹತೋಟಿಗೆ ಬರುತ್ತದೆ. ಅಂದರೆ ಬ್ರಶ್ ಕಟ್ಟರು ಹೇಗೂ ಬೇಕು. ಅಡಿಕೆ ತೋಟವೂ ಗುಡ್ಡೆಯೂ ಇದ್ದು ತೆಂಗು ಸ್ವಲ್ಪವೇ ಇರುವವರು ಅಷ್ಟಕ್ಕೇ ನಿಲ್ಲಿಸಬಹುದು. ಹೊಂಡಾದ 35 ಸಿಸಿ ನಾಲ್ಕು ಸ್ಟ್ರೋಕಿನದಕ್ಕೆ ಎಣ್ಣೆ ಪೆಟ್ರೋಲಿಗೆ ಬೆರೆಸುವ ರಗಳೆಯಿಲ್ಲ, ಇಂಜಿನಿಗೆ ನೂರು ಮಿಲಿಲೀಟರ್ ಹಾಕಿದರೆ ಆಯಿತು. ಸ್ಟಿಲ್‌ನ ಎರಡು ಸ್ಟ್ರೋಕಿನದು ಹಗುರ, ಜೋರು. ಅವರದೇ ಎಣ್ಣೆಯಾದರೆ ಲೀಟರಿಗೆ 20 ಮಿಲಿಲೀಟರ್ ಬೆರೆಸಬೇಕು. ಕೇಂದ್ರದ ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಬ್ರಶ್ ಕಟ್ಟರಿಗೆ ಸಹಾಯಧನ ಉಂಟು. ಮೊದಲು ಅರ್ಜಿ, ಮಂಜೂರಾದ ಮೇಲೆ ಖರೀದಿ. ಕೊಂಡು ತಂದು ಬಿಲ್ಲು ತೋರಿಸಿದರೆ ನಡೆಯುವುದಿಲ್ಲ. ಲಾನ್ ಟ್ರಾಕ್ಟರಿಗೂ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಹಣ ಕೊಡುವ ಮೊದಲು ನಿಮ್ಮ ಕೃಷಿ ಭವನದಲ್ಲಿ ವಿಚಾರಿಸಿ.

ಚೌಕಾಸಿ ಬೆಲೆಯಲ್ಲಿ ಮಾಡುವುದಕ್ಕಿಂತ ಬಿಡಿಭಾಗದಲ್ಲಿ ಮಾಡುವುದು ಜಾಣತನ. ಎರಡು ಜೊತೆ ಬ್ಲೇಡು, ಒಂದು ಡೆಕ್ಕಿನ ಬೆಲ್ಟು, ಒಂದು ಸ್ಪಿಂಡಲು ಮೆಷಿನಿನ ಜೊತೆಗೇ ಮನೆಗೆ ಬರಲಿ. ಜುಲೈಯಲ್ಲಿ ಬೆಲ್ಟು ಕಡಿದರೆ ಮಂಗಳೂರಿನಲ್ಲಿ ಸ್ಟಾಕು ಇಲ್ಲ, ಹೊರಗಿನಿಂದ ಬರಬೇಕು ಅನ್ನುವಷ್ಟರಲ್ಲಿ ಹುಲ್ಲು ಎದೆಗೆ ಬಂದಿರುತ್ತದೆ. ರಿಪೇರಿಯವರು ಮನೆಗೆ ಬರುತ್ತಾರೋ, ಗಡಿ ದಾಟಿ ಕೇರಳದ ಒಳಗೂ ಬರುತ್ತಾರೋ, ಬಂದರೆ ಗಾಡಿ ಬಾಡಿಗೆ ಯಾರದು, ಇದನ್ನೂ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.

ಮೆಷಿನು ಬರುವ ಮೊದಲು ಏಪ್ರಿಲಿನಲ್ಲಿ, ಹುಲ್ಲು ಒಣಗಿ ನೆಲ ಕಾಣುವಾಗ, ತೋಟದಲ್ಲಿ ಒಂದು ಸುತ್ತು ನಡೆಯಿರಿ, ಕೈಯಲ್ಲಿ ಸುಣ್ಣದ ಬಾಲ್ದಿ ಇರಲಿ. ತಲೆ ಎತ್ತಿದ ಮುರಕಲ್ಲು, ಕಡಿದ ಮರದ ಕುತ್ತಿ, ಪೈಪಿನ ವಾಲ್ವು, ಹಳೆಯ ಗೊಬ್ಬರದ ಗುಂಡಿಯ ಅಂಚು, ಎಲ್ಲಕ್ಕೂ ಬಳಿಯಿರಿ. ಮಳೆಗೆ ಸುಣ್ಣ ತೊಳೆದು ಹೋಗುತ್ತದೆ, ಆದ್ದರಿಂದ ಒಂದೊಂದರ ಪಕ್ಕಕ್ಕೂ ಎದೆಯೆತ್ತರದ ಒಂದು ಅಡಿಕೆ ಸಲಾಕೆ ಊರಿಬಿಡಿ, ಜೂನಿನ ಹುಲ್ಲಿನ ಮೇಲೆ ಅದು ಕಾಣಬೇಕು.