ಮ್ಯಾಂಚೆಸ್ಟರ್‌ನ ಫುಟ್‌ಬಾಲ್ ಮ್ಯೂಸಿಯಂ: ಲಿಲಿ ಪಾರ್‌ಗಾಗಿಯಾದರೂ ಹೋಗಿ

ಮ್ಯಾಂಚೆಸ್ಟರ್‌ಗೆ ಬಂದ ನಮ್ಮ ಕಡೆಯವರು ಸೀದಾ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಮೈದಾನ ಓಲ್ಡ್ ಟ್ರ್ಯಾಫರ್ಡ್‌ಗೆ ಓಡುತ್ತಾರೆ. ಓಡಲಿ, ಬೇಡ ಅನ್ನಲ್ಲ. ಆದರೆ ವಿಕ್ಟೋರಿಯಾ ಸ್ಟೇಷನ್ ಹತ್ತಿರವೇ, ಇಳಿಜಾರು ಸೂರಿನ ಗಾಜಿನ ಕಟ್ಟಡದಲ್ಲಿ ನ್ಯಾಷನಲ್ ಫುಟ್‌ಬಾಲ್ ಮ್ಯೂಸಿಯಂ ಇದೆ. ಮೊದಲು ಪ್ರೆಸ್ಟನ್‌ನಲ್ಲಿತ್ತು, 2012ರಲ್ಲಿ ಇಲ್ಲಿಗೆ ಬಂತು. ಇಂಗ್ಲೆಂಡ್ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್, ಅಂದರೆ ದಿಗ್ಗಜರ ಗೌರವ ಪಟ್ಟಿ, ನಡೆಸುವವರು ಇವರೇ. ನಾನು ಬೆಂಗಳೂರಿನ ಆಸ್ಟಿನ್ ಟೌನ್ ಗ್ರೌಂಡಿನ ಧೂಳು ಕುಡಿದು ಬೆಳೆದವನು. ಮಗಳ ಮನೆಗೆ ಹೋದಾಗ ಬಿಡೋಕಾಗುತ್ತಾ? ಕ್ರಿಕೆಟ್ ಹುಚ್ಚಿನ ಅಳಿಯನನ್ನೂ ಎಳೆದುಕೊಂಡು ಹೋದೆ.

ಆ ಪಟ್ಟಿಯಲ್ಲಿ ಕ್ಯಾಂಟೊನಾ ಹೆಸರು ಕಂಡು ಅವನಿಗೆ ಅನುಮಾನ. ‘ಮಾವ, ಇವರು ಫ್ರಾನ್ಸ್‌ನವರಲ್ವಾ?’ ಹೌದು. ಜಾರ್ಜ್ ಬೆಸ್ಟ್ ಉತ್ತರ ಐರ್ಲೆಂಡ್, ಡಾಲ್‌ಗ್ಲಿಶ್ ಸ್ಕಾಟ್ಲೆಂಡ್. ಇಲ್ಲಿ ಪಾಸ್‌ಪೋರ್ಟ್ ಕೇಳಲ್ಲ, ಇಂಗ್ಲೆಂಡ್‌ನಲ್ಲಿ ಎಷ್ಟು ವರ್ಷ, ಹೇಗೆ ಆಡಿದ್ದೀಯ ಅನ್ನೋದಷ್ಟೇ ಲೆಕ್ಕ. ನನಗೆ ಹಿಡಿಸಿದ ನಿಯಮ.

2002ರ ಮೊದಲ ಪಟ್ಟಿಯಲ್ಲಿ 22 ಗಂಡಸು ಆಟಗಾರರು, ಆರು ಮ್ಯಾನೇಜರ್‌ಗಳು. ಹೆಂಗಸು ಒಬ್ಬಳೇ, ಲಿಲಿ ಪಾರ್. ಸೇಂಟ್ ಹೆಲೆನ್ಸ್ ಊರಿನ ಹುಡುಗಿ, ಮೈದಾನದ ಎಡ ಅಂಚಿನಲ್ಲಿ ದಾಳಿ ಮಾಡುವ ವಿಂಗರ್. ಪ್ರೆಸ್ಟನ್‌ನ ಡಿಕ್ ಕೆರ್ ಕಾರ್ಖಾನೆಯ ಹೆಂಗಸರ ತಂಡಕ್ಕೆ ಸೇರಿದಾಗ ಇನ್ನೂ ಚಿಕ್ಕವಳು. 1920ರ ಕ್ರಿಸ್‌ಮಸ್ ಮಾರನೇ ದಿನ ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಈ ತಂಡದ ಮ್ಯಾಚ್ ನೋಡಲು ಸುಮಾರು 53,000 ಜನ ಸೇರಿದ್ದರು. ಜಾಗ ಸಿಗದೆ ಹೊರಗೇ ಉಳಿದವರು ಬೇರೆ! ಮುಂದಿನ ವರ್ಷ, 1921ರ ಡಿಸೆಂಬರ್‌ನಲ್ಲಿ, ಇಂಗ್ಲೆಂಡ್‌ನಲ್ಲಿ ಆಟದ ಆಡಳಿತ ನೋಡುವ ಫುಟ್‌ಬಾಲ್ ಅಸೋಸಿಯೇಷನ್ನಿನವರು ತಮ್ಮ ಕ್ಲಬ್‌ಗಳ ಮೈದಾನದಲ್ಲಿ ಹೆಂಗಸರು ಆಡುವ ಹಾಗಿಲ್ಲ ಅಂದುಬಿಟ್ಟರು. ಹೆಂಗಸರಿಗೆ ಈ ಆಟ ಸರಿಹೋಗಲ್ಲವಂತೆ. ಆ ನಿಷೇಧ ಹೋಗಲು ಅರ್ಧ ಶತಮಾನ ಬೇಕಾಯಿತು. ಲಿಲಿ ಮಾತ್ರ ಸಿಕ್ಕ ಮೈದಾನದಲ್ಲಿ 1951ರವರೆಗೂ ಆಡಿದರು. ಜೊತೆಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. 2019ರಲ್ಲಿ ಮಾಡಿಸಿದ ಅವರ ಕಂಚಿನ ಪ್ರತಿಮೆ ಇಲ್ಲಿದೆ. ಬ್ರಿಟನ್‌ನಲ್ಲಿ ಫುಟ್‌ಬಾಲ್ ಆಟಗಾರ್ತಿಯೊಬ್ಬರಿಗೆ ನಿಂತ ಮೊದಲ ಪ್ರತಿಮೆ ಅದು. ನಾನು ಜಾಸ್ತಿ ಹೊತ್ತು ನಿಂತಿದ್ದು ಅದರ ಮುಂದೆಯೇ.

ಇನ್ನೊಬ್ಬರು ಆರ್ಥರ್ ವಾರ್ಟನ್. ಇವತ್ತಿನ ಘಾನಾದಲ್ಲಿ ಹುಟ್ಟಿದ ಗೋಲ್‌ಕೀಪರ್, ಜಗತ್ತಿನ ಮೊದಲ ಕಪ್ಪು ವೃತ್ತಿಪರ ಆಟಗಾರ ಎಂದು ಹೆಸರಾದವರು. 1886ರಲ್ಲಿ ನೂರು ಗಜವನ್ನು ಹತ್ತು ಸೆಕೆಂಡಿನಲ್ಲಿ ಓಡಿದ್ದರು. ಕೊನೆಗೆ ಕಲ್ಲಿದ್ದಲು ಗಣಿಯಲ್ಲಿ ದುಡಿದರು. 1930ರಲ್ಲಿ ತೀರಿಕೊಂಡ ಅವರ ಸಮಾಧಿಗೆ 1997ರವರೆಗೆ ಹೆಸರಿನ ಕಲ್ಲೂ ಇರಲಿಲ್ಲ. 2003ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಬೆಕಮ್, ಕ್ಯಾಂಟೊನಾ ಕಥೆ ಎಲ್ಲಾ ಕಡೆ ಸಿಗುತ್ತೆ, ವಾರ್ಟನ್‌ರದ್ದು ಎಲ್ಲಿ ಸಿಗುತ್ತೆ ಹೇಳಿ?

1966ರ ವಿಶ್ವಕಪ್ ಫೈನಲ್‌ನ ಚೆಂಡನ್ನೂ ಮರೀಬೇಡಿ. ಮೂರು ಗೋಲ್ ಹೊಡೆದವರಿಗೆ ಚೆಂಡು ಕೊಡುವುದು ವಾಡಿಕೆ. ಹಾಗೆ ಇಂಗ್ಲೆಂಡ್‌ನ ಹರ್ಸ್ಟ್‌ಗೆ ಸೇರಬೇಕಿದ್ದ ಅದನ್ನು ಜರ್ಮನಿಯ ಹಾಲರ್ ಕಂಕುಳಲ್ಲಿ ಇಟ್ಟುಕೊಂಡು ಹೋಗಿದ್ದರು. ವಾಪಸ್ ಬಂದಿದ್ದು 1996ರಲ್ಲಿ! ಅಳಿಯ ಜೋರಾಗಿ ನಕ್ಕಿದ್ದು ಇಲ್ಲೇ.

ಟಿಕೆಟ್ ವಿಷಯ: ಮ್ಯಾಂಚೆಸ್ಟರ್ ನಗರದಲ್ಲಿ ವಾಸ ಇರುವವರಿಗೆ ಪುಕ್ಕಟೆ, ವಿಳಾಸದ ಪುರಾವೆ ಒಯ್ಯಿರಿ. ನಮ್ಮಂಥ ನೆಂಟರು ದುಡ್ಡು ಕೊಡಬೇಕು. ಬರೀ ಪೆನಾಲ್ಟಿ ಹೊಡೆದು ಫೋಟೊ ತೆಗೆಸಿಕೊಳ್ಳುವ ಆಸೆಯಿದ್ದರೆ ದುಬಾರಿ ಅನ್ನಿಸಬಹುದು. ಬರೆದಿದ್ದನ್ನು ನಿಂತು ಓದುವ ತಾಳ್ಮೆ ಇದ್ದವರು ಅರ್ಧ ದಿನ ಬಿಡುವು ಮಾಡಿಕೊಂಡು ಹೋಗಿ. ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಇನ್ನರ್ಧ ಯಾಕಿಲ್ಲ ಅಂದ್ರೆ, ಮೊದಲ ಪಟ್ಟಿಯಲ್ಲಿ ಲಿಲಿ ಜೊತೆಗೆ ಇನ್ನೊಬ್ಬ ಹೆಂಗಸೂ ಅವರಿಗೆ ಸಿಗಲಿಲ್ವಾ?